ಹಿತ್ತಿಲಿನಲ್ಲಿ ತಾನಾಗಿ ಹುಟ್ಟಿದ ಈರುಳ್ಳಿ

ಮುಂಗಾರಿನ ಮೊದಲ ಒಂದೆರಡು ಮಳೆಗಳು ಬಿದ್ದ ಮೇಲೆ ಹಿತ್ತಿಲಿನ ನೆಲವು ಒಂದು ವಾರದೊಳಗಾಗಿ ಹಸುರಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಭರಣಿಯ ಮಳೆಯೋ ಕೃತ್ತಿಕೆಯ ಮಳೆಯೋ ಹದವಾಗಿ ಸುರಿದರೆ ಸಾಕು, ಬೇಸಗೆಯುದ್ದಕ್ಕೂ ಬರಿದಾಗಿ ಬಿದ್ದಿದ್ದ ಮಡಿಗಳಲ್ಲಿ ನಾವು ಬಿತ್ತದೆ ಇದ್ದುದೆಲ್ಲವೂ ಮೊಳೆತು ನಿಲ್ಲುತ್ತದೆ. ಅದನ್ನು ಕಂಡೊಡನೆ ನಮ್ಮ ಕೈ ಕಳೆಗುದ್ದಲಿಯ ಕಡೆಗೆ ಹೋಗುವುದು ಸಹಜ. ಆ ಕೈಯನ್ನು ಒಂದು ಗಳಿಗೆ ತಡೆಯಬೇಕೆಂದು ಕೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ. ಏಕೆಂದರೆ ಆ ಹಸುರಿನ ನಡುವೆ, ದಾರದ ಎಳೆಯಂತೆ ತೆಳ್ಳಗೆ, ಈರುಳ್ಳಿಯ ಸಸಿಗಳೂ ಇರಬಹುದು. ಅವುಗಳನ್ನು ಗುರುತಿಸುವ ಬಗೆ ಹೇಗೆ, ಗುರುತಿಸಿದ ಮೇಲೆ ಕಿತ್ತು ಬೇರೆ ಮಡಿಯಲ್ಲಿ ನೆಡುವ ಕ್ರಮವೇನು ಎಂಬ ಎರಡು ವಿಷಯಗಳನ್ನು ಇಲ್ಲಿ ವಿವರಿಸುತ್ತೇವೆ.

ನಾವು ಈ ಪಾಠವನ್ನು ಕಲಿತುದು ಪುಸ್ತಕದಿಂದಲ್ಲ. ಒಂದು ವರ್ಷ ನಮ್ಮ ಹಿತ್ತಿಲಿನಲ್ಲಿ, ಬದನೆಯ ಮಡಿಯ ಮಗ್ಗುಲಿಗೆ, ಒಂದು ಮೊರದಗಲದ ಜಾಗದಲ್ಲಿ ನವುರಾದ ಹುಲ್ಲು ಎದ್ದಿತು. ನಾವೇ ಕುಳಿತು ಅದರಲ್ಲಿ ಮುಕ್ಕಾಲು ಪಾಲನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆವು. ಕಳೆ ತೆಗೆಯಲು ಬರುತ್ತಿದ್ದ ಹೆಂಗಸು ಮರುದಿನ ಬಂದು, ಉಳಿದಿದ್ದುದನ್ನು ಕೀಳಲು ಬಗ್ಗಿದವಳು, ಬೆರಳನ್ನು ಮೂಗಿಗೆ ಹಿಡಿದು ನಿಂತಳು. ನಮ್ಮ ತಾಯಿಯವರನ್ನು ಕರೆದು, "ಅವ್ವಾರೇ, ಇದು ಹುಲ್ಲಲ್ಲ, ಈರುಳ್ಳಿ ಪೈರು. ಬೇಕಾದ್ರೆ ಮೂಸಿ ನೋಡಿ" ಎಂದಳು. ನಾವೂ ಮೂಸಿ ನೋಡಿದೆವು. ಹಿಂದಿನ ದಿನ ನಾವು ಕಿತ್ತೆಸೆದುದು ಒಂದು ಮಡಿಗೆ ಸಾಲುವಷ್ಟು ಸಸಿಯಾಗಿತ್ತು.

ಆ ಸಸಿಗಳು ಎಲ್ಲಿಂದ ಬಂದುವು? ಇದನ್ನು ತಿಳಿಯಬೇಕಾದರೆ ಈರುಳ್ಳಿಯ ಜೀವನಕ್ರಮವನ್ನು ಸ್ವಲ್ಪ ನೋಡಬೇಕು. ಈರುಳ್ಳಿಯು ಎರಡು ಹಂಗಾಮಿನ ಗಿಡ. ಮೊದಲನೆಯ ಹಂಗಾಮಿನಲ್ಲಿ ಅದು ಎಲೆಗಳನ್ನು ಬಿಟ್ಟು, ಆ ಎಲೆಗಳ ಬುಡದಲ್ಲಿ ಆಹಾರವನ್ನು ಕೂಡಿಡುತ್ತದೆ. ನಾವು ಗೆಡ್ಡೆಯೆನ್ನುವುದು ಬೇರಲ್ಲ. ಒಂದರ ಮೇಲೊಂದು ಸುತ್ತಿಕೊಂಡು ಉಬ್ಬಿದ ಎಲೆಬುಡಗಳ ಕಟ್ಟು. ಎರಡನೆಯ ಹಂಗಾಮಿನಲ್ಲಿ, ಚಳಿಯ ದಿನಗಳು ತಗುಲಿದ ಮೇಲೆ, ಆ ಕೂಡಿಟ್ಟ ಆಹಾರವನ್ನೆಲ್ಲ ವೆಚ್ಚಮಾಡಿ ಹೂದಂಡನ್ನು ಎತ್ತುತ್ತದೆ. ಹಿತ್ತಿಲಿನಲ್ಲಿ ಅಗೆಯದೆ ಬಿಟ್ಟ ಒಂದು ಗೆಡ್ಡೆಯಾಗಲಿ, ಅಡಿಗೆಮನೆಯ ಬುಟ್ಟಿಯಲ್ಲಿ ಮೊಳಕೆಯೊಡೆದುದೆಂದು ಕಾರ್ತಿಕದ ಸುಮಾರಿಗೆ ಮೂಲೆಯಲ್ಲಿ ನೆಟ್ಟ ಒಂದು ಗೆಡ್ಡೆಯಾಗಲಿ, ಜನವರಿ ಫೆಬ್ರವರಿಯ ಹೊತ್ತಿಗೆ ಎರಡಡಿ ಮೂರಡಿ ಎತ್ತರದ ಟೊಳ್ಳು ದಂಡಿನ ತುದಿಯಲ್ಲಿ ಬಿಳಿಯ ಚೆಂಡಿನಂತಹ ಹೂಗೊಂಚಲನ್ನು ತಳೆಯುತ್ತದೆ. ಒಂದು ಗೊಂಚಲಿನಲ್ಲಿ ನೂರಾರು ಸಣ್ಣ ಹೂಗಳಿರುತ್ತವೆ. ಒಂದೊಂದು ಹೂವಿನ ಕಾಯಿಯಲ್ಲಿಯೂ ಮೂರು ಅರೆಗಳಿದ್ದು, ಹೆಚ್ಚೆಂದರೆ ಆರು ಬೀಜಗಳು ಕಟ್ಟುತ್ತವೆ. ಬೇಸಗೆಯಲ್ಲಿ ಕಾಯಿಗಳು ಒಣಗಿ ಬಿರಿದಾಗ, ಕಪ್ಪಾಗಿ, ಮೂಲೆಮೂಲೆಯಾಗಿ, ಸುಕ್ಕುಗಟ್ಟಿರುವ ಆ ಬೀಜಗಳು ಗಾಳಿಗೆ ಗಿಡದ ಸುತ್ತಲೂ ಉದುರುತ್ತವೆ. ಒಂದು ಗ್ರಾಮಿಗೆ ಇನ್ನೂರೈವತ್ತರಿಂದ ಮುನ್ನೂರು ಬೀಜಗಳು ತೂಗುವುವು. ಆದುದರಿಂದ ಮಣ್ಣಿನಲ್ಲಿ ಬಿದ್ದುದು ಕಣ್ಣಿಗೆ ಕಾಣುವುದಿಲ್ಲ. ಈರುಳ್ಳಿಬೀಜಕ್ಕೆ ಆಯುಸ್ಸು ಕಡಮೆ. ಸಾಧಾರಣವಾಗಿ ಒಂದು ವರ್ಷ ಕಳೆಯುವುದರೊಳಗೆ ಅದರ ಮೊಳೆಯುವ ಶಕ್ತಿ ಬಹಳ ಮಟ್ಟಿಗೆ ಕುಂದುತ್ತದೆ. ಹೀಗಾಗಿ ಬೇಸಗೆಯಲ್ಲಿ ಉದುರಿದ ಬೀಜವು ಆ ವರ್ಷದ ಮುಂಗಾರಿನಲ್ಲಿಯೇ ಮೊಳೆಯಬೇಕು. ಆ ಸಸಿಗಳನ್ನು ನಾವು ಕಿತ್ತೆಸೆದರೆ, ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬರುವುವೆಂದು ನಂಬಿ ಕೂರುವಂತಿಲ್ಲ.

ಇನ್ನು ಗುರುತಿಸುವ ವಿಚಾರ. ಸಸಿಯ ವಯಸ್ಸಿಗೆ ತಕ್ಕಂತೆ ಗುರುತುಗಳೂ ಬದಲಾಗುವುದರಿಂದ ಒಂದೊಂದಾಗಿ ಹೇಳುತ್ತೇವೆ.

ಮೊಳೆತ ಮೊದಲ ವಾರದಲ್ಲಿ ಈರುಳ್ಳಿ ಸಸಿಯ ಗುರುತು ಅದರ ಬಾಗು. ಹುಲ್ಲಿನ ಮೊಳಕೆಯು ಸೂಜಿಯಂತೆ ನೆಟ್ಟಗೆ ಮಣ್ಣನ್ನು ಚುಚ್ಚಿಕೊಂಡು ಮೇಲೇಳುತ್ತದೆ. ಈರುಳ್ಳಿಯ ಮೊಳಕೆಯಾದರೋ ಮಡಿಸಿದ ಮೊಣಕಾಲಿನಂತೆ, ಎರಡು ಕೊನೆಗಳನ್ನೂ ಮಣ್ಣಿನೊಳಗಿಟ್ಟುಕೊಂಡು, ನಡುವನ್ನು ಮಾತ್ರ ಹೊರಕ್ಕೆ ಚಾಚುತ್ತದೆ. ನಾಲ್ಕಾರು ದಿನಗಳಲ್ಲಿ ಒಂದು ಕೊನೆ ಮಣ್ಣಿನಿಂದ ಬಿಡಿಸಿಕೊಂಡು ಮೇಲೆದ್ದಾಗ, ಅದರ ತುದಿಯಲ್ಲಿ ಬೀಜದ ಕರಿಯ ಸಿಪ್ಪೆ ಟೊಪ್ಪಿಗೆಯಂತೆ ಅಂಟಿಕೊಂಡಿರುವುದು ಎಷ್ಟೋ ವೇಳೆ ಕಾಣುತ್ತದೆ. ಬಾಗಿದ ಎಳೆ, ಕರಿಯ ಟೊಪ್ಪಿಗೆ, ಈ ಎರಡನ್ನೂ ಕಂಡರೆ ಆ ಮಡಿಯಲ್ಲಿ ಕಳೆ ತೆಗೆಯುವುದನ್ನು ಕೆಲವು ದಿನ ನಿಲ್ಲಿಸುವುದು ಮೇಲು.

ಎರಡು ಮೂರು ವಾರ ಕಳೆದು ನಿಜವಾದ ಎಲೆಗಳು ಬಂದ ಮೇಲೆ ಗುರುತು ಇನ್ನೂ ಸುಲಭ. ಈರುಳ್ಳಿಯ ಎಲೆ ಚಪ್ಪಟೆಯಲ್ಲ; ಅದು ಕೊಳವೆ. ಎಲೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಒಳಗೆ ಟೊಳ್ಳಿರುತ್ತದೆ. ಒಂದು ಮಗ್ಗುಲು ತುಸು ಚಪ್ಪಟೆಯಾಗಿಯೂ ಉಳಿದುದು ದುಂಡಾಗಿಯೂ ಕಾಣುತ್ತದೆ. ಎಲೆಯ ಮೇಲೆ ಮೇಣ ಸವರಿದಂತೆ ನಸುಬೂದಿಯ ಬಣ್ಣವಿದ್ದು, ಅದರ ಮೇಲೆ ಬಿದ್ದ ನೀರು ಹನಿಯಾಗಿ ಜಾರುತ್ತದೆ. ಇನ್ನೊಂದು ವಿಶೇಷವನ್ನು ಗಮನಿಸಬೇಕು: ಹೊಸ ಎಲೆಯು ಹಳೆಯ ಎಲೆಯ ಬುಡದ ಮಗ್ಗುಲಲ್ಲಿ ಒಂದು ಸಣ್ಣ ರಂಧ್ರದಿಂದ ಹೊರಬೀಳುತ್ತದೆ. ಗರಿಕೆಯ ಎಲೆ ಚಪ್ಪಟೆ; ಅದರ ಕಡ್ಡಿಯಲ್ಲಿ ಗಂಟುಗಳುಂಟು. ಕೊನ್ನಾರಿಯ ಎಲೆ ನಡುವೆ ಮಡಿಸಿದಂತಿದ್ದು, ಮೂರು ದಿಕ್ಕಿಗೆ ಹರಡುತ್ತದೆ. ಅದರ ಹೂಕಡ್ಡಿಯನ್ನು ಬೆರಳಿನಲ್ಲಿ ಹೊರಳಿಸಿದರೆ ಮೂರು ಮೂಲೆ ಕೈಗೆ ಹತ್ತುತ್ತದೆ. ಬೆಳ್ಳುಳ್ಳಿಯೇ ಆದರೂ ಅದರ ಎಲೆ ಚಪ್ಪಟೆ, ಕೊಳವೆಯಲ್ಲ. ಅದು ಸಾಧಾರಣವಾಗಿ ಬೀಜ ಕಟ್ಟುವುದಿಲ್ಲವಾದುದರಿಂದ, ತಾನಾಗಿ ಬಂದ ಬೆಳ್ಳುಳ್ಳಿಯು ನೆಲದಲ್ಲಿ ಉಳಿದ ಎಸಳಿನಿಂದಲೇ ಬಂದಿರುತ್ತದೆ.

ಆದರೆ ಎಲ್ಲ ಗುರುತುಗಳಿಗಿಂತ ಮೇಲಾದ ಗುರುತು ವಾಸನೆ. ಇದರಲ್ಲಿ ಒಂದು ಸ್ವಾರಸ್ಯವುಂಟು. ಮುಟ್ಟದೆ ಬಿಟ್ಟ ಈರುಳ್ಳಿ ಎಲೆಗೆ ಹೆಚ್ಚು ವಾಸನೆಯಿಲ್ಲ. ಅದರ ಜೀವಕೋಶದಲ್ಲಿ ಗಂಧಕದ ಅಂಶವುಳ್ಳ ವಸ್ತುಗಳು ಒಂದು ಕಡೆಯೂ, ಅವುಗಳನ್ನು ಒಡೆಯುವ ಕಿಣ್ವವು ಇನ್ನೊಂದು ಕಡೆಯೂ ಬೇರೆಬೇರೆಯಾಗಿ ಇರುತ್ತವೆ. ಎಲೆಯನ್ನು ಹೊಸಕಿದಾಗ ಕೋಶಗಳು ಒಡೆದು, ಎರಡೂ ಕೂಡಿ, ಘಾಟು ಹುಟ್ಟುತ್ತದೆ. ಕಣ್ಣಿನಲ್ಲಿ ನೀರು ಬರಿಸುವ ವಸ್ತುವಿಗೆ ಬೇರೆಯೇ ಒಂದು ಕಿಣ್ವವು ಕಾರಣವೆಂಬುದನ್ನು ಜಪಾನಿನ ವಿಜ್ಞಾನಿಗಳು ೨೦೦೨ರಲ್ಲಿ ತೋರಿಸಿಕೊಟ್ಟರು. ಆದುದರಿಂದ ಗಿಡದ ಬಳಿ ಮೂಗನ್ನು ಒಯ್ದರೆ ಸಾಲದು; ಎಲೆಯ ತುದಿಯನ್ನು ಬೆರಳಿನಲ್ಲಿ ಚೆನ್ನಾಗಿ ಹೊಸಕಿ ಮೂಸಬೇಕು. ಒಂದು ಎಚ್ಚರಿಕೆ: ಒಂದು ನಿಜವಾದ ಈರುಳ್ಳಿಯನ್ನು ಹೊಸಕಿದ ಬೆರಳಿನಿಂದಲೇ ಮುಂದಿನ ಹತ್ತು ಗಿಡಗಳನ್ನು ಹೊಸಕಿದರೆ, ಹತ್ತೂ ಈರುಳ್ಳಿಯಂತೆಯೇ ನಾರುವುವು. ಸಂಶಯವಿರುವ ಗಿಡವನ್ನು ಮುಟ್ಟುವ ಮೊದಲು ಕೈ ತೊಳೆಯತಕ್ಕದ್ದು.

ಈ ಎಚ್ಚರಿಕೆಯನ್ನು ಹೇಳುವುದಕ್ಕೆ ಕಾರಣವಿದೆ. ನಗರದ ಮನೆಗಳ ಅಂಗಳದಲ್ಲಿ ದಾರಿಯ ಅಂಚಿಗೆಂದು ಮಳೆ ಲಿಲ್ಲಿಯ ಗಿಡಗಳನ್ನು ಬೆಳೆಸುವುದುಂಟು. ಮಳೆ ಬಿದ್ದೊಡನೆ ಬಿಳಿಯ, ಗುಲಾಬಿಯ, ಹಳದಿಯ ಹೂ ಬಿಡುವ ಆ ಗಿಡದ ಎಲೆ ತೆಳ್ಳಗೆ, ಉದ್ದವಾಗಿ, ದೂರಕ್ಕೆ ಈರುಳ್ಳಿ ಸೊಪ್ಪಿನಂತೆಯೇ ತೋರುತ್ತದೆ. ಅಗೆದು ನೋಡಿದರೆ ಬುಡದಲ್ಲಿ ಸಣ್ಣ ಈರುಳ್ಳಿಯಂತಹ ಗೆಡ್ಡೆಯೂ ಇರುತ್ತದೆ. ಆದರೆ ಅದು ವಿಷದ ಗಿಡ. ತಿಂದರೆ ವಾಂತಿ ಭೇದಿಗಳಾಗುತ್ತವೆ. ಕುರುಚಲು ಕಾಡುಗಳಲ್ಲಿ ಬೆಳೆಯುವ ಕಾಡು ಈರುಳ್ಳಿಯು ಹೆಸರಿಗೆ ಮಾತ್ರ ಈರುಳ್ಳಿ. ಅದರ ವಿಷವು ಹೃದಯದ ಮೇಲೆಯೇ ಕೆಲಸಮಾಡತಕ್ಕದ್ದು. ಈ ಎರಡಕ್ಕೂ ಈರುಳ್ಳಿಯ ವಾಸನೆಯಿಲ್ಲ. ಎರಡರ ಎಲೆಯೂ ಕೊಳವೆಯಲ್ಲ.

ನಮ್ಮ ಮನೆಯಲ್ಲಿಯೇ ಒಮ್ಮೆ ಹೀಗಾಯಿತು. ಈರುಳ್ಳಿ ಸಸಿಗಳನ್ನು ನೆಟ್ಟಿದ್ದ ಮಡಿಯ ಅಂಚಿಗೆ ಮಳೆ ಲಿಲ್ಲಿಯ ಸಾಲೊಂದಿತ್ತು. ಊರಿನಿಂದ ಬಂದಿದ್ದ ಬಂಧುಗಳೊಬ್ಬರು ಅಡಿಗೆಗೆ ನೆರವಾಗಲೆಂದು ಒಂದು ಹಿಡಿ ಸೊಪ್ಪನ್ನು ಕೊಯ್ದು ತಂದರು. ನಮ್ಮ ತಾಯಿಯವರು ಅದನ್ನು ಈಳಿಗೆಮಣೆಯ ಮೇಲೆ ಅರ್ಧ ಹೆಚ್ಚಿದವರು ಕೈ ತಡೆದು, "ಇದೇನು, ಹೆಚ್ಚಿದರೂ ವಾಸನೆಯೇ ಬರಲಿಲ್ಲವಲ್ಲ!" ಎಂದರು. ಹೊರಗೆ ಬಂದು ನೋಡಿದಾಗ ಈರುಳ್ಳಿಯ ಮಡಿಯಲ್ಲಿ ಒಂದೆಲೆಯೂ ಕೊಯ್ದಿರಲಿಲ್ಲ. ಹೆಚ್ಚಿದುದನ್ನೆಲ್ಲ ಎಸೆದು ಈಳಿಗೆಯನ್ನು ತೊಳೆದೆವು. ಆ ಸಂಜೆಯೇ ಲಿಲ್ಲಿಯ ಸಾಲನ್ನು ಕಿತ್ತು ಬೀದಿಯ ಕಡೆಯ ಅಂಗಳಕ್ಕೆ ಸಾಗಿಸಿದೆವು. ಬಂದವರದು ತಪ್ಪಲ್ಲ, ತಿನ್ನುವ ಗಿಡವನ್ನೂ ತಿನ್ನಬಾರದ ಗಿಡವನ್ನೂ ಒಂದೇ ಸಾಲಿನಲ್ಲಿ ಬೆಳೆಸಿದ ನಮ್ಮದೇ ತಪ್ಪು. ವಾಸನೆಯಿಲ್ಲದ ಈರುಳ್ಳಿಯನ್ನು ಈರುಳ್ಳಿಯೆಂದು ಭಾವಿಸಕೂಡದು. ಸಂಶಯ ತೀರದಿದ್ದರೆ ಅಡಿಗೆಮನೆಗೆ ತರಲೇಕೂಡದು. ಮಕ್ಕಳಿರುವ ಮನೆಗಳಲ್ಲಿ ಇದನ್ನು ಅವರಿಗೂ ತಿಳಿಸಿಕೊಡುವುದು ಒಳ್ಳೆಯದು.

ಈರುಳ್ಳಿಯೆಂದು ನಿಶ್ಚಯವಾದ ಮೇಲೆ, ಅದು ಬೀಜದಿಂದ ಬಂದುದೋ ಹಳೆಯ ಗೆಡ್ಡೆಯಿಂದ ಬಂದುದೋ ಎಂಬುದನ್ನು ನೋಡಬೇಕು. ಬೀಜದಿಂದ ಬಂದ ಸಸಿಯು ಒಂಟಿ ಎಳೆ. ಮೆಲ್ಲನೆ ಎತ್ತಿದರೆ ಬುಡದಲ್ಲಿ ಬಿಳಿಯ ಬೇರುಗಳಲ್ಲದೆ ಬೇರೇನೂ ಇರುವುದಿಲ್ಲ. ಗೆಡ್ಡೆಯಿಂದ ಬಂದುದಾದರೆ ಒಂದೇ ಕಡೆಯಿಂದ ಎರಡು ಮೂರು ದಪ್ಪ ಮೊಳಕೆಗಳು ಏಕಕಾಲಕ್ಕೆ ಏಳುತ್ತವೆ. ಕೆಳಗೆ ಮೆತ್ತಗಾದ ಹಳೆಯ ಗೆಡ್ಡೆಯ ಸಿಪ್ಪೆ ಸಿಕ್ಕುತ್ತದೆ. ಈ ಎರಡನೆಯ ಬಗೆಯದನ್ನು ಬೇರೆಡೆಗೆ ನೆಟ್ಟು ದೊಡ್ಡ ಗೆಡ್ಡೆಯನ್ನು ನಿರೀಕ್ಷಿಸುವುದು ವ್ಯರ್ಥ; ಅದು ಆಗಲೇ ತನ್ನ ಎರಡನೆಯ ಹಂಗಾಮಿನಲ್ಲಿರುವುದರಿಂದ ಹೂವಿನ ಕಡೆಗೆ ತಿರುಗುವ ಸಂಭವವೇ ಹೆಚ್ಚು. ಅದರ ಎಲೆಯನ್ನು ಈರುಳ್ಳಿ ಸೊಪ್ಪಾಗಿ ಪಲ್ಯಕ್ಕೂ ಹುಳಿಗೂ ಉಪಯೋಗಿಸಿಕೊಳ್ಳುವುದು ಜಾಣತನ. ನಾಟಿಗೆ ಯೋಗ್ಯವಾದುದು ಬೀಜದ ಸಸಿ ಮಾತ್ರ.

ಇದ್ದ ಕಡೆಯೇ ಇರಲೆಂದು ಬಿಟ್ಟರೆ ಆಗದೇ ಎಂದು ಕೇಳಬಹುದು. ಧಾರವಾಡ ಗದಗುಗಳ ಕಡೆಯ ಕರಿಯ ಭೂಮಿಯಲ್ಲಿ ಮಳೆಯನ್ನೇ ನಂಬಿದ ರೈತರು ಉಳ್ಳಾಗಡ್ಡಿಯ ಬೀಜವನ್ನು ಕೂರಿಗೆಯಿಂದ ನೇರವಾಗಿ ಹೊಲಕ್ಕೇ ಬಿತ್ತುವುದುಂಟು. ಆದರೆ ಅಲ್ಲಿ ಬೀಜವು ಸಾಲು ಹಿಡಿದು ಬೀಳುತ್ತದೆ. ಸಾಲಿನ ನಡುವೆ ಕಳೆ ತೆಗೆಯುವುದಕ್ಕೆ ಅವಕಾಶವಿರುತ್ತದೆ. ಹಿತ್ತಿಲಿನಲ್ಲಿ ತಾನಾಗಿ ಉದುರಿದ ಬೀಜಕ್ಕೆ ಸಾಲಿಲ್ಲ. ಒಂದು ಅಂಗೈಯಗಲದಲ್ಲಿ ಮೂವತ್ತು ನಲವತ್ತು ಸಸಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಈರುಳ್ಳಿಯ ಬೇರು ಮೇಲಾಳದ್ದು, ಕವಲು ಕಡಮೆ. ಎಲೆಯೂ ನೆಟ್ಟಗೆ ನಿಲ್ಲತಕ್ಕದ್ದಾದುದರಿಂದ ನೆರಳು ಹರಡಿ ಕಳೆಯನ್ನು ಅಡಗಿಸಲಾರದು. ತನ್ನವರೊಡನೆಯೂ ಕಳೆಯೊಡನೆಯೂ ಅದು ಏಕಕಾಲಕ್ಕೆ ಹೋರಾಡಿ ಗೆಲ್ಲುವುದು ಅಪರೂಪ. ಹಾಗೆ ಬಿಟ್ಟ ಸಸಿಗಳಲ್ಲಿ ಉಳಿದುವು ಗೋಲಿಯ ಗಾತ್ರದ ಗೆಡ್ಡೆ ಕಟ್ಟಿದರೆ ಅದೇ ಹೆಚ್ಚು. ಆದುದರಿಂದ, ತಾನಾಗಿ ಬಂದ ಆ ಗುಂಪನ್ನು ಒಟ್ಟಲುಪಾತಿಯೆಂದು ಭಾವಿಸಿ, ಅಲ್ಲಿಂದ ಕಿತ್ತು ನೆಡುವುದೇ ಸರಿಯಾದ ಮಾರ್ಗ.

ಕೀಳುವ ಕಾಲವು ಮೊಳೆತ ಆರೇಳು ವಾರಗಳ ಮೇಲೆ. ಆಗ ಸಸಿಯು ಒಂದು ಗೇಣು ಎತ್ತರವಿದ್ದು, ಮೂರು ನಾಲ್ಕು ಎಲೆಗಳನ್ನು ಹೊತ್ತಿರುತ್ತದೆ. ಬುಡವು ಬರೆಯುವ ಸೀಸದ ಕಡ್ಡಿಗಿಂತ ತೆಳ್ಳಗಿರುತ್ತದೆ. ಅದಕ್ಕೂ ಮೊದಲೇ ಕಿತ್ತರೆ ಬಿಸಿಲನ್ನು ತಾಳುವುದಿಲ್ಲ; ತೀರ ತಡಮಾಡಿದರೆ ಒತ್ತಿನಲ್ಲಿಯೇ ಗೆಡ್ಡೆ ಕಟ್ಟಲು ಮೊದಲುಮಾಡುತ್ತದೆ. ಅಲ್ಲಿಯವರೆಗೆ ಸಸಿಗಳ ನಡುವಣ ಹುಲ್ಲನ್ನು ಬೆರಳಿನಿಂದ ಬಿಡಿಸುತ್ತಿರಬೇಕು, ಗುದ್ದಲಿಯನ್ನು ಹಾಕಕೂಡದು. ಮಳೆ ಹಿಡಿದಾಗ ನೀರು ನಿಂತರೆ ಬುಡ ಕೊಳೆತು ಸಸಿಗಳು ಗುಂಪುಗುಂಪಾಗಿ ಮಲಗುವುದರಿಂದ, ಪಕ್ಕದಲ್ಲಿ ಒಂದು ಸಣ್ಣ ಕಾಲುವೆಯನ್ನು ತೋಡಬೇಕು.

ನೆಡುವ ಮಡಿಯನ್ನು ಮುಂಚಿತವಾಗಿಯೇ ಸಿದ್ಧಪಡಿಸತಕ್ಕದ್ದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ. ಅರ್ಧ ಅಡಿಯಷ್ಟು ಎತ್ತರಿಸಿದ ಮಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಗೊಬ್ಬರ ಸಲ್ಲದು. ಹಿಂದಿನ ವರ್ಷ ಈರುಳ್ಳಿಯಾಗಲಿ ಬೆಳ್ಳುಳ್ಳಿಯಾಗಲಿ ಇದ್ದ ಮಡಿಯನ್ನು ಬಿಟ್ಟು ಬೇರೆ ಮಡಿಯನ್ನು ಆರಿಸಿಕೊಂಡರೆ ರೋಗಗಳ ಕಾಟ ಕಡಮೆ. ನೆಲವಿಲ್ಲದವರು ಮಾಳಿಗೆಯ ಮೇಲೆ ಅಗಲವಾದ ಕುಂಡದಲ್ಲಿಯೂ ನೆಡಬಹುದು. ಬೇರು ಮೇಲಾಳದ್ದಾದುದರಿಂದ ಎಂಟು ಹತ್ತು ಅಂಗುಲದ ಆಳ ಸಾಕು.

ಕೀಳುವ ಹಿಂದಿನ ಸಂಜೆ ಸಸಿಗಳಿಗೆ ನೀರು ಹನಿಸಿ ಮಣ್ಣನ್ನು ಮೆದುಮಾಡಬೇಕು. ಮರುದಿನ ಇಳಿಹೊತ್ತಿನಲ್ಲಿ, ಗುಂಪಿನ ಹೊರಗಿನಿಂದ ಕೈಗುದ್ದಲಿಯನ್ನು ಇಳಿಸಿ, ಮಣ್ಣಿನ ಹೆಂಟೆಯೊಡನೆ ಎತ್ತಿ, ಒಂದು ಬೋಗುಣಿ ನೀರಿನಲ್ಲಿ ಅಲುಗಿಸಿದರೆ ಬೇರುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಎಲೆಯನ್ನು ಹಿಡಿದು ಎಳೆಯಕೂಡದು. ಕೆಲವು ಬೇರುಗಳು ಹರಿದರೆ ಚಿಂತೆಯಿಲ್ಲ. ಬುಡದ ತಟ್ಟೆಯಿಂದ ಹೊಸ ಬೇರುಗಳು ಹೊರಡುತ್ತವೆ. ಆದರೆ ಬೇರಿಗೆ ಬಿಸಿಲು ತಗುಲಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಬೇಕು. ಎಲೆಗಳ ಮೇಲಿನ ಮೂರರಲ್ಲೊಂದು ಪಾಲನ್ನು ಕತ್ತರಿಸಿಬಿಟ್ಟರೆ, ಬೇರೂರುವವರೆಗೆ ಸಸಿಯಿಂದ ಆವಿಯಾಗುವ ನೀರು ಕಡಮೆಯಾಗುತ್ತದೆ. ಬಾಡಿದುದು, ಬುಡ ಕಂದಿದುದು, ತೀರ ಬಡಕಲಾದುದು, ಇವನ್ನು ಬೇರ್ಪಡಿಸಿ ಎಸೆಯಬೇಕು. ಪುಕ್ಕಟೆಯಾಗಿ ಬಂದುದೆಂದು ಎಲ್ಲವನ್ನೂ ನೆಡುವ ಮೋಹವನ್ನು ಬಿಡದಿದ್ದರೆ ಮಡಿಯೆಲ್ಲ ಬಡಕಲಾಗುತ್ತದೆ. ನಾವು ಮೊದಲನೆಯ ಸಾರಿ ಮಾಡಿದ ತಪ್ಪು ಇದೇ.

ಸಾಲಿನಿಂದ ಸಾಲಿಗೆ ಆರು ಅಂಗುಲ, ಸಸಿಯಿಂದ ಸಸಿಗೆ ನಾಲ್ಕು ಅಂಗುಲ ಬಿಟ್ಟು, ಬೆರಳಿನಿಂದ ಕುಳಿ ಮಾಡಿ, ಬೇರು ಮೇಲಕ್ಕೆ ಮಡಿಸಿಕೊಳ್ಳದಂತೆ ಒಂದಂಗುಲ ಆಳಕ್ಕೆ ಇಳಿಸಿ ಮಣ್ಣನ್ನು ಮೆಲ್ಲನೆ ಅದುಮಬೇಕು. ಹೆಚ್ಚು ಆಳಕ್ಕೆ ಹೂಳಿದರೆ ಗೆಡ್ಡೆಯು ಉಬ್ಬುವುದಕ್ಕೆ ತಡೆಯಾಗಿ ಕತ್ತು ದಪ್ಪವಾಗುತ್ತದೆ. ನೆಟ್ಟೊಡನೆ ಒಂದು ಸಾರಿ, ಮೂರನೆಯ ದಿನ ಇನ್ನೊಂದು ಸಾರಿ ನೀರು ಹನಿಸಬೇಕು. ಆಮೇಲೆ ಮಳೆಯನ್ನು ನೋಡಿಕೊಂಡು ಕೊಟ್ಟರೆ ಸಾಕು. ಮೊದಲ ಒಂದು ವಾರ ಸಸಿಗಳು ಒರಗಿ ಸತ್ತಂತೆ ಕಾಣುತ್ತವೆ. ಗಾಬರಿಪಡಬೇಕಾದುದಿಲ್ಲ, ನಡುವಿನ ಹೊಸ ಎಲೆ ಹಸುರಾಗಿ ಎದ್ದರೆ ಬೇರು ಹಿಡಿಯಿತೆಂದು ತಿಳಿಯಬಹುದು. ಅನಂತರದ ಎರಡು ತಿಂಗಳು ಕಳೆಯನ್ನು ಬಿಡದೆ ತೆಗೆಯುವುದೇ ಮುಖ್ಯವಾದ ಕೆಲಸ.

ಗೆಡ್ಡೆ ಕಟ್ಟುವುದು ಹಗಲಿನ ಉದ್ದವನ್ನೂ ಅವಲಂಬಿಸಿದೆ. ಮೈಸೂರಿನಲ್ಲಿ ಹಗಲು ಡಿಸೆಂಬರಿನಲ್ಲಿ ಸುಮಾರು ೧೧½ ಗಂಟೆಯೂ, ಜೂನಿನಲ್ಲಿ ೧೩ ಗಂಟೆಗೆ ತುಸು ಕಡಮೆಯೂ ಇರುತ್ತದೆ. ನಮ್ಮ ನಾಡಿನ ತಳಿಗಳು ಈ ಹಗಲಿಗೆ ಹೊಂದಿಕೊಂಡುವು. ಹಗಲು ೧೪ ಗಂಟೆಯನ್ನು ಮೀರುವ ಶೀತದೇಶಗಳಿಗೆಂದು ಬೆಳೆಸಿದ ತಳಿಯ ಬೀಜವನ್ನು ತಂದು ಹಾಕಿದರೆ ಇಲ್ಲಿ ಎಲೆಯೇ ಹೊರತು ಗೆಡ್ಡೆ ಬರಲಾರದು. ನಮ್ಮ ತಳಿಯ ಸಸಿಗಳನ್ನು ಜೂನ್ ಕೊನೆಗೋ ಜುಲೈಯಲ್ಲಿಯೋ ನೆಟ್ಟರೆ ಮೂರೂವರೆ ನಾಲ್ಕು ತಿಂಗಳಿಗೆ, ಎಂದರೆ ದೀಪಾವಳಿಯ ಸುಮಾರಿಗೆ, ಗೆಡ್ಡೆ ಬಲಿಯುತ್ತದೆ. ಅರ್ಧದಷ್ಟು ಗಿಡಗಳ ಕತ್ತು ತಾನಾಗಿ ಮುರಿದು ಎಲೆ ಮಲಗಿದಾಗ ನೀರನ್ನು ನಿಲ್ಲಿಸಿ, ಕಿತ್ತು, ಗಾಳಿಯಾಡುವ ನೆರಳಿನಲ್ಲಿ ಆರಿಸಬೇಕು.

ಕಡೆಯದಾಗಿ, ಏನನ್ನು ನಿರೀಕ್ಷಿಸಬೇಕೆಂಬ ಮಾತು. ಈರುಳ್ಳಿಯ ಹೂವಿನಲ್ಲಿ ಪರಾಗವು ಮೊದಲು ಉದುರಿ, ಶಲಾಕಾಗ್ರವು ಆಮೇಲೆ ಪಕ್ವವಾಗುತ್ತದೆ. ಆದುದರಿಂದ ಒಂದು ಹೂವು ತನ್ನ ಪರಾಗದಿಂದಲೇ ಫಲಿಸುವುದು ಕಷ್ಟ. ಜೇನುನೊಣಗಳು ಬೇರೆ ಹೂವಿನ ಪರಾಗವನ್ನು ತಂದು ಕೊಡಬೇಕು. ಆ ಬೇರೆ ಹೂವು ಅದೇ ಗೊಂಚಲಿನದಿರಬಹುದು, ನೆರೆಮನೆಯ ಹಿತ್ತಿಲಿನದೂ ಇರಬಹುದು. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬೆಳೆಯುವ, ೨೦೧೫ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಗುಲಾಬಿ ಈರುಳ್ಳಿಯನ್ನೇ ನಾವು ಹೂಬಿಡಲು ಬಿಟ್ಟಿದ್ದರೂ, ಅದರಿಂದ ಉದುರಿದ ಬೀಜವು ತಾಯಿಯ ಪ್ರತಿಯಾಗಿಯೇ ಬರುವುದೆಂದು ಹೇಳುವಂತಿಲ್ಲ. ಒಂದೇ ಗಿಡವು ಒಂಟಿಯಾಗಿ ಹೂಬಿಟ್ಟಿದ್ದರೆ ಅದರ ಸಂತತಿ ಬಲಗುಂದಿಯೂ ಇರಬಹುದು. ಆದುದರಿಂದ ಒಂದೇ ಬಗೆಯ ಒಳ್ಳೆಯ ಬೆಳೆ ಬೇಕೆನ್ನುವವರು ವಿಶ್ವಾಸಾರ್ಹವಾದ ಬೀಜವನ್ನೇ ಕೊಂಡು ಬಿತ್ತಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ಮೊದಲಾದ ತಳಿಗಳಿವೆ.

ನಮ್ಮ ಹಿತ್ತಿಲಿನಲ್ಲಿ ಆ ಹೆಂಗಸಿನ ಮೂಗಿನಿಂದ ಉಳಿದ ಸಸಿಗಳು ನೂರಕ್ಕೂ ಕಡಮೆ. ನೆಟ್ಟವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬದುಕಿದುವು. ಗೆಡ್ಡೆಗಳು ಒಂದು ಕೆಂಪು, ಒಂದು ನಸುಗೆಂಪು, ಒಂದು ಉದ್ದ, ಒಂದು ಚಪ್ಪಟೆ, ಹೀಗೆ ನಾನಾ ವಿಧವಾಗಿದ್ದುವು. ಹದಿನೈದು ದಿನಗಳ ಸಾರಿಗೆ ಆದುವು. ನಮ್ಮ ತಾಯಿಯವರು ಅದರಲ್ಲಿ ಒಂದು ಬುಟ್ಟಿಯನ್ನು ಆ ಹೆಂಗಸಿಗೆ ಕೊಟ್ಟು, ದುಂಡಾದ ಐದು ಗೆಡ್ಡೆಗಳನ್ನು ಆರಿಸಿ ಮಡಿಯ ಮೂಲೆಯಲ್ಲಿ ಮತ್ತೆ ನೆಡಿಸಿದರು. ಈಗ ಮುಂಗಾರು ಹಿಡಿದ ಮೇಲೆ ಆ ಮೂಲೆಯಲ್ಲಿ ನಾವಾರೂ ಕಳೆಗುದ್ದಲಿಯನ್ನು ಹಾಕುವುದಿಲ್ಲ. ಮೊದಲು ಕೈ ತೊಳೆದುಕೊಂಡು ಕುಳಿತು, ಒಂದೆಲೆಯನ್ನು ಹೊಸಕಿ ನೋಡುತ್ತೇವೆ.